ಕಥಾಪಾತ್ರದ ಪರಿವರ್ತನೆ ಮತ್ತು ಕನ್ನಡ ಮಕ್ಕಳ ಓದು: ಒಂದು ಚಾರಿತ್ರಿಕ ವಿವೇಚನೆ

ಕನ್ನಡ ಮಕ್ಕಳ ಸಾಹಿತ್ಯದ ಚರಿತ್ರೆಯಲ್ಲಿ ಹೈದರಾಬಾದು ನಗರದ ಹೆಸರು ಸಾಮಾನ್ಯವಾಗಿ ಒಂದೇ ವಾಕ್ಯದಲ್ಲಿ ಬಂದು ಮುಗಿಯುತ್ತದೆ. ಪಂಜೆ ಮಂಗೇಶರಾಯರು ೧೯೩೭ರಲ್ಲಿ ಇಲ್ಲಿ ನಿಧನರಾದರು ಎಂಬುದೇ ಆ ವಾಕ್ಯ. ಅದಕ್ಕೆ ಮೂರು ವರ್ಷ ಮೊದಲು, ೧೯೩೪ರಲ್ಲಿ, ಆಗ ನಿಜಾಮ್ ಸಂಸ್ಥಾನಕ್ಕೆ ಸೇರಿದ್ದ ರಾಯಚೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರಾಗಿದ್ದರು. ೧೮೭೪ರಲ್ಲಿ ಬಂಟ್ವಾಳದಲ್ಲಿ ಹುಟ್ಟಿ, ಮಂಗಳೂರು ಮಡಿಕೇರಿಗಳಲ್ಲಿ ಉಪಾಧ್ಯಾಯರಾಗಿ, ಶಾಲಾ ಇನ್ಸ್‌ಪೆಕ್ಟರರಾಗಿ ದುಡಿದ ಕರಾವಳಿಯ ಲೇಖಕರೊಬ್ಬರ ಬದುಕು ನಿಜಾಮನ ರಾಜಧಾನಿಯಲ್ಲಿ ಮುಗಿದುದು ಆಕಸ್ಮಿಕವೇ ಸರಿ. ಆದರೆ ಅವರು ಮಕ್ಕಳ ಕೈಗಿತ್ತ ಕಥೆಗಳ ಹಿಂದಿದ್ದ ಒಂದು ಪ್ರಶ್ನೆ, ಕರ್ನಾಟಕದ ಹೊರಗೆ, ಅದರಲ್ಲೂ ಈ ನಗರದಲ್ಲಿ, ಕನ್ನಡ ಕಲಿಯುವ ಮಕ್ಕಳ ಸಂದರ್ಭದಲ್ಲಿ ಮತ್ತೆ ಕೇಳಿಕೊಳ್ಳಬೇಕಾದ ಪ್ರಶ್ನೆಯಾಗಿದೆ.

ಕಥೆಯೊಳಗಿನ ವ್ಯಕ್ತಿ ಆರಂಭದಲ್ಲಿದ್ದಂತೆಯೇ ಕೊನೆಯಲ್ಲಿಯೂ ಇರುತ್ತಾನೆಯೆ? ಇಲ್ಲವಾದರೆ ಯಾವಾಗ ಬದಲಾದ, ಏಕೆ ಬದಲಾದ? ಈ ಬಗೆಯ ಗ್ರಹಿಕೆಯನ್ನು ಮಗುವಿನಲ್ಲಿ ಬೆಳೆಸುವುದನ್ನು ಶಿಕ್ಷಣಶಾಸ್ತ್ರದ ಗ್ರಂಥಗಳು ಪಾತ್ರವಿಕಾಸದ ಬೋಧನೆಯೆಂದು ಕರೆಯುತ್ತವೆ. ಇದು ಪಶ್ಚಿಮದ ಕಾದಂಬರಿಯೊಡನೆ ನಮಗೆ ಬಂದ ವಿಚಾರ, ಕನ್ನಡದ ಪ್ರಾಚೀನ ಕಥನದಲ್ಲಿ ಪಾತ್ರಗಳು ಹುಟ್ಟಿದಂತೆಯೇ ಸಾಯುತ್ತವೆ ಎಂಬ ಅಭಿಪ್ರಾಯ ನಮ್ಮ ವಿದ್ಯಾವಲಯದಲ್ಲಿ ಬಹುಕಾಲದಿಂದ ಉಳಿದುಬಂದಿದೆ. ಪ್ರಸ್ತುತ ಲೇಖನದ ಉದ್ದೇಶ ಈ ಅಭಿಪ್ರಾಯವನ್ನು ಪರಿಶೀಲಿಸುವುದು. ಕನ್ನಡದ ಕಥನಪರಂಪರೆಯಲ್ಲಿ ಪಾತ್ರವು ಬದಲಾಗುವ ಸಂದರ್ಭಗಳಿಗೆ ಕೊರತೆಯಿರಲಿಲ್ಲ. ಅವು ಮಕ್ಕಳ ಪಾಠದೊಳಗೆ ಬಂದೂ ಇದ್ದವು. ಕೊರತೆ ಉಂಟಾದದ್ದು ಪಾಠದ ಕೊನೆಗೆ ಅಚ್ಚಾಗುವ ಪ್ರಶ್ನೆಗಳಲ್ಲಿ ಎಂಬುದು ಇಲ್ಲಿಯ ವಾದ.

ಮೊದಲು ಪದದ ವಿಚಾರ. ‘ಪಾತ್ರ’ ಎಂದರೆ ಪಾತ್ರೆ, ಧಾರಕ. ದಾನ ಪಡೆಯಲು ತಕ್ಕವನು ಸತ್ಪಾತ್ರ, ತಕ್ಕವನಲ್ಲದವನು ಅಪಾತ್ರ. ನಮ್ಮ ಶಾಸನಗಳಲ್ಲಿ ದೇವಾಲಯದ ನರ್ತಕಿಯೂ ಪಾತ್ರವೇ. ನಾಟಕದ ಮಾರ್ಗದಿಂದ ಈ ಶಬ್ದ ವೇಷ ಧರಿಸಿದವನಿಗೂ ಧರಿಸಿದ ವೇಷಕ್ಕೂ ಸಂದಿತು. ಈ ಎಲ್ಲ ಅರ್ಥಗಳಲ್ಲಿಯೂ ಸಮಾನವಾದ ಅಂಶವೆಂದರೆ, ಪಾತ್ರವು ತನ್ನದಲ್ಲದ ಏನನ್ನೋ ಹೊರುತ್ತದೆ ಎಂಬುದು. ಸುರಿದದ್ದು ಬದಲಾಗಬಹುದು, ಪಾತ್ರೆ ಬದಲಾಗದು. ಇನ್ನು ‘ಸ್ವಭಾವ’ ಎಂಬ ಶಬ್ದವಂತೂ ತನ್ನ ರಚನೆಯಲ್ಲಿಯೇ ಸ್ಥಿರತೆಯನ್ನು ಅಡಗಿಸಿಕೊಂಡಿದೆ. ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆಯನ್ನು ಕೇಳದೆ ಬೆಳೆದ ಕನ್ನಡ ಮಗು ಇರಲಾರದು. ಭಾಷೆಯೇ ಹೀಗೆ ಒಂದು ಪಕ್ಷ ವಹಿಸಿರುವಾಗ ಪಾತ್ರವಿಕಾಸವೆಂಬ ಸಮಾಸ ಪರಕೀಯವಾಗಿ ಕೇಳಿಸುವುದು ಸಹಜ. ಆದರೆ ಅದೇ ಭಾಷೆಯಲ್ಲಿ ‘ಮಾಗು’ ಎಂಬ ದೇಶ್ಯ ಧಾತುವೂ ಇದೆ. ಹಣ್ಣು ಮಾಗುತ್ತದೆ, ಮನುಷ್ಯನೂ ಮಾಗುತ್ತಾನೆ. ‘ಮಾಗಿದ ಜೀವ’ ಎಂದರೆ ಹಳ್ಳಿಯವರಿಗೂ ಅರ್ಥವಾಗುತ್ತದೆ. ವಿಮರ್ಶೆಯ ಪರಿಭಾಷೆಯನ್ನು ಕಟ್ಟಿದ ನಮ್ಮ ಹಿರಿಯರು ಈ ಧಾತುವಿನತ್ತ ನೋಡಿದ್ದರೆ ಮಕ್ಕಳಿಗೆ ಹೇಳುವ ಕೆಲಸ ಸ್ವಲ್ಪ ಹಗುರವಾಗುತ್ತಿತ್ತೋ ಏನೋ.

ಅಚ್ಚಿನ ಪಠ್ಯಪುಸ್ತಕಕ್ಕೆ ಮೊದಲು ಕನ್ನಡದ ಮಕ್ಕಳು ಕಥೆಯನ್ನು ಅಭ್ಯಾಸದ ವಸ್ತುವಾಗಿ ಎದುರಿಸುತ್ತಿದ್ದುದು ಕೂಲಿಮಠಗಳಲ್ಲಿ, ಐಗಳ ಮಠಗಳಲ್ಲಿ. ಅಲ್ಲಿ ಲಕ್ಷ್ಮೀಶನ ಜೈಮಿನಿ ಭಾರತಕ್ಕೆ ಅಗ್ರಸ್ಥಾನ. ಪದ್ಯವನ್ನು ಬಾಯಿಪಾಠ ಮಾಡುವುದು, ಪದಚ್ಛೇದ, ಅನ್ವಯ, ತಾತ್ಪರ್ಯ ಎಂಬ ಕ್ರಮದಲ್ಲಿ ಪಾಠ ಸಾಗುತ್ತಿತ್ತು. ಈ ಕ್ರಮದಲ್ಲಿ ಪಾತ್ರದ ಚರ್ಚೆಗೆ ಪ್ರತ್ಯೇಕ ಸ್ಥಾನವಿಲ್ಲ. ಜೈಮಿನಿಯ ಚಂದ್ರಹಾಸನ ಕಥೆಯಲ್ಲಿ ಮಂತ್ರಿಯ ಹೆಸರೇ ದುಷ್ಟಬುದ್ಧಿ. ಹೆಸರು ಕೇಳಿದ ಕ್ಷಣವೇ ಮಗುವಿಗೆ ಅವನ ಚರಿತ್ರೆಯೆಲ್ಲ ತಿಳಿದುಹೋಗುತ್ತದೆ. ಅನಾಥ ಬಾಲಕನನ್ನು ಕೊಲ್ಲಿಸಲು ಅವನು ಹೂಡುವ ಒಂದೊಂದು ತಂತ್ರವೂ ಆ ಹೆಸರಿನ ವ್ಯಾಖ್ಯಾನ ಮಾತ್ರ. ಮಠದ ಮಕ್ಕಳು ಕಲಿತದ್ದು ಪಾತ್ರದ ಬೆಳವಣಿಗೆಯನ್ನಲ್ಲ, ಪಾತ್ರದ ದನಿಯನ್ನು. ಯಾವ ಮಾತನ್ನು ಯಾವ ರಾಗದಲ್ಲಿ, ಯಾವ ಏರಿಳಿತದಲ್ಲಿ ಹೇಳಬೇಕೆಂಬ ಅರಿವು ಗಮಕದ ಜೊತೆಗೇ ಬರುತ್ತಿತ್ತು. ಇದನ್ನು ಕೀಳಾಗಿ ಎಣಿಸಬಾರದು. ದನಿಯ ವ್ಯತ್ಯಾಸವನ್ನು ಗುರುತಿಸಬಲ್ಲ ಕಿವಿಯೇ ಮನಸ್ಸಿನ ವ್ಯತ್ಯಾಸವನ್ನೂ ಗುರುತಿಸುವುದು.

ದುಷ್ಟಬುದ್ಧಿಯಂಥವರೇ ನಮ್ಮ ಪ್ರಾಚೀನ ಕಥನದ ಏಕೈಕ ಮಾದರಿಯೆಂದು ಭಾವಿಸುವುದು ತಪ್ಪು. ಹತ್ತನೆಯ ಶತಮಾನದ ಆಸುಪಾಸಿನ ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಲ್ಲಿ ಮೊದಲನೆಯದಾದ ಸುಕುಮಾರಸ್ವಾಮಿಯ ಕಥೆಯಲ್ಲಿ ಅಗ್ನಿಭೂತಿ, ವಾಯುಭೂತಿ ಎಂಬ ಅಣ್ಣತಮ್ಮಂದಿರು ಬರುತ್ತಾರೆ. ಓದು ಬಾರದ ಇವರು ಸೋದರಮಾವ ಸೂರ್ಯಮಿತ್ರನ ಬಳಿಗೆ ವಿದ್ಯೆಗಾಗಿ ಹೋಗುತ್ತಾರೆ. ನೆಂಟಸ್ತಿಕೆ ತೋರಿದರೆ ಹುಡುಗರು ಸುಖಕ್ಕೆ ಬಿದ್ದು ಓದುವುದಿಲ್ಲವೆಂದು ಬಗೆದ ಅವನು ತಾನು ಮಾವನೆಂಬುದನ್ನೇ ಅಲ್ಲಗಳೆದು, ಭಿಕ್ಷೆಯೆತ್ತಿ ಉಣ್ಣುವಂತೆ ಮಾಡಿ, ವರ್ಷಗಟ್ಟಲೆ ಪಾಠ ಹೇಳಿ, ಕೊನೆಗೆ ನಿಜವನ್ನು ತಿಳಿಸುತ್ತಾನೆ. ಅಣ್ಣನಿಗೆ ಅದು ಹಿತವೆಂದು ತೋರುತ್ತದೆ; ತಮ್ಮನಿಗೆ ಅವಮಾನವೆಂದು ತೋರುತ್ತದೆ. ಒಂದೇ ಮನೆ, ಒಂದೇ ಗುರು, ಒಂದೇ ಅನ್ನ, ಎರಡು ಮನಸ್ಸು. ವಾಯುಭೂತಿಯ ದ್ವೇಷ ಅಲ್ಲಿಂದ ಹೊರಟು ಪ್ರಾಣಿಜನ್ಮಗಳನ್ನು ಹಾದು, ನಾಗಶ್ರೀಯೆಂಬ ಕನ್ಯೆಯಲ್ಲಿ ತಿಳಿವಾಗಿ, ಅಂತಿಮವಾಗಿ ಸುಕುಮಾರನ ಅಸಾಮಾನ್ಯ ಸಹನೆಯಾಗಿ ಪರಿಣಮಿಸುತ್ತದೆ. ಜೈನ ಕಥನದ ಭವಾವಳಿಯೆಂಬುದು ಒಂದು ಬಗೆಯಲ್ಲಿ ಪಾತ್ರವಿಕಾಸದ ಅತಿ ದೀರ್ಘ ರೂಪವೇ. ಒಂದು ಜೀವಿತದಲ್ಲಿ ಹಿಡಿಸದ ಬದಲಾವಣೆಗೆ ಅದು ಹಲವು ಜೀವಿತಗಳ ಅವಕಾಶ ಕೊಡುತ್ತದೆ. ಡಿ. ಎಲ್. ನರಸಿಂಹಾಚಾರ್ಯರ ಸಂಪಾದನೆ ೧೯೪೯ರಲ್ಲಿ ಹೊರಬಂದ ಮೇಲೆ ಈ ಕೃತಿಯ ಭಾಗಗಳು ಪ್ರೌಢ ತರಗತಿಗಳ ಪಠ್ಯಗಳಿಗೆ ಬಂದವು. ಆದರೆ ವಿದ್ಯಾರ್ಥಿಗಳು ಅದನ್ನು ಹಳಗನ್ನಡ ಗದ್ಯದ ಮಾದರಿಯಾಗಿ ಓದಿದರೇ ವಿನಾ, ತಮ್ಮ ವಯಸ್ಸಿನ ಇಬ್ಬರು ಹುಡುಗರ ಕಥೆಯಾಗಿ ಓದಿದ್ದು ಅಪರೂಪ.

ಇವೆಲ್ಲಕ್ಕಿಂತ ಮಿಗಿಲಾಗಿ, ಕನ್ನಡ ಮಗು ತನ್ನ ಬದುಕಿನಲ್ಲಿ ಮೊದಲ ಬಾರಿಗೆ ಎದುರಿಸುವ ಪಾತ್ರಪರಿವರ್ತನೆ ಒಂದು ಹುಲಿಯದು. ಗೋವಿನ ಹಾಡಿನ ಅರ್ಬುತನೆಂಬ ಹುಲಿ. ಈ ಹಾಡಿನ ಕರ್ತೃ ಅಜ್ಞಾತ. ಡಿ. ಎಲ್. ನರಸಿಂಹಾಚಾರ್ಯರು ಇದನ್ನೂ ಶಾಸ್ತ್ರೀಯವಾಗಿ ಸಂಪಾದಿಸಿದ್ದಾರೆ. ಶಾಲೆಯಲ್ಲಿ ಪ್ರಚಲಿತವಾಗಿರುವುದು ಅದರ ಸಂಕ್ಷಿಪ್ತ ರೂಪ. ಕಥೆ ಎಲ್ಲರಿಗೂ ತಿಳಿದದ್ದೇ: ಕಾಳಿಂಗನ ಹಿಂಡಿನ ಪುಣ್ಯಕೋಟಿ ಹಸಿದ ಹುಲಿಯ ಕೈಗೆ ಸಿಕ್ಕುತ್ತದೆ, ಕರುವಿಗೆ ಹಾಲೂಡಿ ಬರುವೆನೆಂದು ಭಾಷೆ ಕೊಟ್ಟು ಹೋಗುತ್ತದೆ, ಕರುವನ್ನು ಬಳಗಕ್ಕೆ ಒಪ್ಪಿಸಿ ಹಿಂತಿರುಗುತ್ತದೆ, ಹುಲಿ ನೊಂದು, ಹಸುವನ್ನು ಅಕ್ಕನೆಂದು ಬಗೆದು, ಮೇಲಕ್ಕೆ ನೆಗೆದು ಪ್ರಾಣ ಬಿಡುತ್ತದೆ.

ಈ ಕಥೆಯ ಬಂಧುಗಳು ಸಂಸ್ಕೃತದಲ್ಲಿಯೂ ಇತರ ಭಾರತೀಯ ಭಾಷೆಗಳಲ್ಲಿಯೂ ಇವೆ. ಉತ್ತರದಲ್ಲಿ ಹಸುವಿನ ಹೆಸರು ಬಹುಳೆ. ಪದ್ಮಪುರಾಣದ ಸೃಷ್ಟಿಖಂಡದಲ್ಲಿ ಅದು ನಂದೆ. ಅಲ್ಲಿಯ ಹುಲಿ ನಿಜಕ್ಕೂ ಹುಲಿಯಲ್ಲ, ಪ್ರಭಂಜನನೆಂಬ ರಾಜ. ಮರಿಗೆ ಹಾಲೂಡುತ್ತಿದ್ದ ಜಿಂಕೆಯನ್ನು ಬಾಣದಿಂದ ಹೊಡೆದ ಪಾಪಕ್ಕೆ ಆ ಜಿಂಕೆಯ ಶಾಪದಿಂದ ಹುಲಿಯಾದವನು. ಹಸುವಿನ ಹೆಸರು ಕಿವಿಗೆ ಬಿದ್ದೊಡನೆ ಶಾಪ ಹರಿದು ಮತ್ತೆ ರಾಜನಾಗುತ್ತಾನೆ. ಎರಡು ಪಾಠಗಳ ನಡುವಣ ಈ ಅಂತರವನ್ನು ನಾನು ಬಹು ಮಹತ್ತ್ವದ್ದೆಂದು ಭಾವಿಸುತ್ತೇನೆ. ಪುರಾಣದಲ್ಲಿ ಬದಲಾವಣೆಯ ಕಾರಣ ಕಥೆಗೆ ಹಿಂದೆ ಇದೆ. ರೂಪ ಬದಲಾಗುತ್ತದೆ, ಬಿಡುಗಡೆಯ ಗಡುವು ಮೊದಲೇ ನಿಶ್ಚಿತವಾಗಿದೆ. ಕನ್ನಡದ ಹಾಡುಗಾರ ಶಾಪವನ್ನು ತೆಗೆದುಹಾಕಿದ್ದಾನೆ. ಅರ್ಬುತನಿಗೆ ಹಿಂದಿನ ಜನ್ಮವಿಲ್ಲ, ರಾಜತ್ವವಿಲ್ಲ, ಮುಂದೆ ದೊರೆಯುವ ಸ್ವರ್ಗದ ಆಸೆಯೂ ಇಲ್ಲ. ಹಸಿವೆಯೊಂದೇ ಇದೆ. ಆದ್ದರಿಂದ ಅದರ ಬದಲಾವಣೆಗೆ ಕಾರಣವನ್ನು ಕಥೆಯ ಒಳಗಡೆಯೇ ಹುಡುಕಬೇಕಾಗುತ್ತದೆ. ಕಥಾಸಾಹಿತ್ಯದಲ್ಲಿ ಪಾತ್ರವಿಕಾಸವೆಂದು ನಾವು ಕರೆಯುವುದು ಇದನ್ನೇ ಅಲ್ಲವೆ? ಅನಾಮಧೇಯನಾದ ಜನಪದ ಕವಿಯೊಬ್ಬ ಪುರಾಣದ ಚೌಕಟ್ಟಿನಿಂದ ಕಥೆಯನ್ನು ಬಿಡಿಸಿ ಇಲ್ಲಿಗೆ ತಂದು ನಿಲ್ಲಿಸಿದ್ದಾನೆ.

ಆ ಕಾರಣ ಎಲ್ಲಿದೆ? ಹುಲಿಯ ಮನಸ್ಸಿನ ನಿಲುವುಗಳನ್ನು ಹಾಡಿನಲ್ಲಿ ಒಂದೊಂದಾಗಿ ಗುರುತಿಸಬಹುದು. ಮೊದಲು ಬೇಟೆ ಸಿಕ್ಕಿದ ಸಂತೋಷ. ಅನಂತರ ಅಪನಂಬಿಕೆ. ಅನಂತರ ಭಾಷೆಯ ಮೇಲೆ ಬಿಟ್ಟುಕೊಡುವ ಒಂದು ಅಳುಕಿನ ಒಪ್ಪಿಗೆ. ಇಲ್ಲಿಯೇ ಏನೋ ಸಡಿಲವಾಗಿದೆ. ಕೊನೆಯಲ್ಲಿ ಹಸು ತಾನಾಗಿಯೇ ಬಂದು ಮೈಯೊಪ್ಪಿಸಿದಾಗ ಕಣ್ಣೀರು. ಮೂರನೆಯದಕ್ಕೂ ನಾಲ್ಕನೆಯದಕ್ಕೂ ನಡುವೆ ಹಾಡು ಹುಲಿಯನ್ನು ಬಿಟ್ಟು ಹಸುವಿನ ಜೊತೆ ದೊಡ್ಡಿಗೆ ಹೋಗಿಬಿಡುತ್ತದೆ. ಹುಲಿ ಒಂಟಿಯಾಗಿ ಕಾದು ಕುಳಿತ ಆ ಹೊತ್ತನ್ನು ಹಾಡು ನಮಗೆ ತೋರಿಸುವುದೇ ಇಲ್ಲ. ಹಸಿದ ಹೊಟ್ಟೆಯಲ್ಲಿ ಕುಳಿತು ಅದು ಏನನ್ನು ಯೋಚಿಸಿತು? ತಾನು ಮೋಸಹೋದೆನೆಂದು ಕೆರಳಿತೆ? ಬಂದರೆ ಏನು ಮಾಡಲೆಂದು ಹೆದರಿತೆ? ಪಾತ್ರದ ಪರಿವರ್ತನೆಯನ್ನು ಮಕ್ಕಳಿಗೆ ಮನಗಾಣಿಸಲು ಈ ಮೌನಕ್ಕಿಂತ ಒಳ್ಳೆಯ ಜಾಗ ಕನ್ನಡದಲ್ಲಿ ಇನ್ನೊಂದಿಲ್ಲ. ಆ ಹೊತ್ತಿನ ಹುಲಿಯ ಸ್ವಗತವನ್ನು ಹೇಳೆಂದು ಕೇಳಿದರೆ ಏಳೆಂಟು ವರ್ಷದ ಮಗುವೂ ಹೇಳುತ್ತದೆ.

ಕರುವಿನ ಬದಲಾವಣೆಯನ್ನು ನಾವು ಇನ್ನೂ ಕಡಿಮೆ ಗಮನಿಸಿದ್ದೇವೆ. ಸಂಜೆಗೆ ಹಾಲಿಗಾಗಿ ಓಡಿಬಂದ ಕರು, ಸ್ವಲ್ಪ ಹೊತ್ತಿನಲ್ಲೇ, ತಾನು ಇನ್ನು ಯಾರ ಬಳಿ ಮಲಗಬೇಕೆಂದು ಕೇಳುವ ತಬ್ಬಲಿಯಾಗುತ್ತದೆ. ಎಸ್. ಎಲ್. ಭೈರಪ್ಪನವರು ೧೯೬೮ರ ತಮ್ಮ ಕಾದಂಬರಿಗೆ ‘ತಬ್ಬಲಿಯು ನೀನಾದೆ ಮಗನೆ’ ಎಂಬ ಹೆಸರನ್ನು ಈ ಹಾಡಿನಿಂದಲೇ ತೆಗೆದುಕೊಂಡದ್ದು ಕರುವಿನ ಈ ಸ್ಥಿತ್ಯಂತರದ ಶಕ್ತಿಗೆ ಸಾಕ್ಷಿ. ಅದರ ನಾಯಕ ಕಾಳಿಂಗ ಅಮೆರಿಕದಿಂದ ಹಿಂತಿರುಗಿದಾಗ ಬೇರೊಬ್ಬ ಮನುಷ್ಯನಾಗಿರುತ್ತಾನೆ. ಕಾದಂಬರಿಯ ಸಂಘರ್ಷ ಅಲ್ಲಿಂದಲೇ ಹುಟ್ಟುತ್ತದೆ. ೧೯೭೭ರಲ್ಲಿ ಅದು ಚಲನಚಿತ್ರವೂ ಆಯಿತು.

ಇಷ್ಟು ಸಮೃದ್ಧವಾದ ಪಾಠದ ಕೊನೆಗೆ ನಾವು ಮಕ್ಕಳಿಗೆ ಕೇಳುತ್ತ ಬಂದದ್ದು ಎಂಥ ಪ್ರಶ್ನೆ? ಪುಣ್ಯಕೋಟಿಯ ಗುಣಗಳನ್ನು ಬರೆಯಿರಿ. ಈ ಪದ್ಯದಿಂದ ತಿಳಿದುಬರುವ ನೀತಿಯೇನು? ಬಿಟ್ಟ ಸ್ಥಳ ತುಂಬಿರಿ. ಈ ಮಾದರಿಯ ಪ್ರಶ್ನೆಗಳನ್ನು ಉತ್ತರಿಸಿ ತೇರ್ಗಡೆಯಾದವರಲ್ಲಿ ಈ ಲೇಖನದ ಓದುಗರೂ ಸೇರಿರುತ್ತಾರೆ. ಹಸು ಮೊದಲಿನಿಂದ ಕೊನೆಯವರೆಗೆ ಸತ್ಯವಂತೆ. ಅವಳ ಗುಣಗಳನ್ನು ಪಟ್ಟಿ ಮಾಡುವುದು ಸುಲಭ. ಬದಲಾದ ಹುಲಿಯ ಬಗ್ಗೆ ಪಟ್ಟಿ ಮಾಡುವುದು ಅಸಾಧ್ಯ, ಏಕೆಂದರೆ ಮೊದಲ ಪದ್ಯದ ಹುಲಿಯ ಗುಣ ಕೊನೆಯ ಪದ್ಯದ ಹುಲಿಗೆ ಹೊಂದುವುದಿಲ್ಲ. ಆದ್ದರಿಂದ ಹುಲಿಯನ್ನು ಪ್ರಶ್ನೆಯಿಂದಲೇ ಹೊರಗಿಡಲಾಯಿತು. ಆದರೆ ತರಗತಿಯಲ್ಲಿ ಮಕ್ಕಳು ತಾವಾಗಿ ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಹುಲಿಯ ಕುರಿತೇ ಇರುತ್ತವೆ. ಹುಲಿ ಸಾಯಬೇಕಾಗಿತ್ತೇ? ಹುಲ್ಲು ತಿನ್ನಲು ಬಾರದ ಪ್ರಾಣಿ ಏನು ಮಾಡಬೇಕು? ಅದು ಒಳ್ಳೆಯದಾದ ಮೇಲೆ ಬದುಕಿದ್ದರೆ ಏನಾಗುತ್ತಿತ್ತು? ಪ್ರಾಥಮಿಕ ತರಗತಿಯ ಅಧ್ಯಾಪಕರಲ್ಲಿ ಯಾರನ್ನು ವಿಚಾರಿಸಿದರೂ ಇದನ್ನು ದೃಢಪಡಿಸುತ್ತಾರೆ. ಮಗು ತಾನಾಗಿ ಸರಿಯಾದ ಸ್ಥಳದಲ್ಲಿ ಬೆರಳಿಟ್ಟಿದೆ. ಪುಸ್ತಕ ಆ ಬೆರಳನ್ನು ಸರಿಸಿ ಬೇರೆ ಕಡೆ ಇಟ್ಟಿದೆ.

ಪ್ರೌಢ ತರಗತಿಗಳಲ್ಲಿ ಈ ಸಮಸ್ಯೆ ಬೇರೆ ವೇಷದಲ್ಲಿ ಬಂದಿತು. ಹನ್ನೆರಡನೆಯ ಶತಮಾನದ ಆರಂಭದ ನಾಗಚಂದ್ರನ ರಾಮಚಂದ್ರಚರಿತಪುರಾಣದ ರಾವಣ ಇಲ್ಲಿ ಪ್ರಸಿದ್ಧ ಉದಾಹರಣೆ. ವಿಮಲಸೂರಿಯಿಂದ ಬಂದ ಜೈನ ರಾಮಾಯಣ ಪರಂಪರೆಯ ಈ ರಾವಣ, ತನ್ನನ್ನೊಲ್ಲದ ಪರಸ್ತ್ರೀಯನ್ನು ಮುಟ್ಟೆನೆಂಬ ವ್ರತ ಹಿಡಿದವನು. ಸೀತೆಯನ್ನು ಕಂಡು ಚಂಚಲನಾಗುತ್ತಾನೆ. ಅವಳು ದುಃಖದಿಂದ ಮೂರ್ಛೆ ಹೋದುದನ್ನು ನೋಡಿ ಅವನ ಮನಸ್ಸು ತಿರುಗುತ್ತದೆ, ಅವಳನ್ನು ಹಿಂದಕ್ಕೆ ಒಪ್ಪಿಸಬೇಕೆಂದು ನಿಶ್ಚಯಿಸುತ್ತಾನೆ. ಆದರೆ ಕೂಡಲೇ ಒಪ್ಪಿಸಿದರೆ ಲೋಕ ತನ್ನನ್ನು ಹೇಡಿಯೆಂದೀತು, ಯುದ್ಧದಲ್ಲಿ ರಾಮಲಕ್ಷ್ಮಣರನ್ನು ಸೆರೆಹಿಡಿದು ಆಮೇಲೆ ಕೊಡುತ್ತೇನೆ ಎಂದು ರಣರಂಗಕ್ಕೆ ಹೋಗಿ ಲಕ್ಷ್ಮಣನಿಂದ ಹತನಾಗುತ್ತಾನೆ. ಮನಸ್ಸು ಬದಲಾಗಿದೆ, ಮಾನ ಬದಲಾಗಿಲ್ಲ. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದ ವಿಮರ್ಶಕರು ಇದರಲ್ಲಿ ಗ್ರೀಕ್ ಮಾದರಿಯ ದುರಂತವನ್ನು ಕಂಡರು. ಬಿ. ಎಂ. ಶ್ರೀಕಂಠಯ್ಯನವರು ೧೯೨೬ರ ಗದಾಯುದ್ಧ ನಾಟಕದಲ್ಲಿ ರನ್ನನ ದುರ್ಯೋಧನನನ್ನೂ ಅದೇ ಬೆಳಕಿನಲ್ಲಿ ರಂಗಕ್ಕೆ ತಂದರು. ಮರುವರ್ಷ, ೧೯೨೭ರಲ್ಲಿ, ಇಂಗ್ಲೆಂಡಿನಲ್ಲಿ ಇ. ಎಂ. ಫಾರ್‌ಸ್ಟರ್ ಕಾದಂಬರಿಯ ಪಾತ್ರಗಳನ್ನು ಚಪ್ಪಟೆ, ದುಂಡು ಎಂದು ವಿಂಗಡಿಸಿದರು. ಈ ವಿಂಗಡಣೆ ನಮ್ಮ ಇಂಗ್ಲಿಷ್ ವಿಭಾಗಗಳ ಮೂಲಕ ಕನ್ನಡದ ಅಧ್ಯಾಪಕರಿಗೆ ತಲುಪಿ, ಬಹುಬೇಗ ಪರೀಕ್ಷೆಯ ಸೂತ್ರವಾಯಿತು. ಫಾರ್‌ಸ್ಟರರ ಒರೆಗಲ್ಲು ಸರಳವಾದುದು: ಪಾತ್ರ ನಮ್ಮನ್ನು ನಂಬಿಕೆ ಕೆಡದಂತೆ ಬೆರಗುಗೊಳಿಸಬಲ್ಲುದೆ ಎಂಬುದು. ಆ ಒರೆಗಲ್ಲಿಗೆ ಉಜ್ಜಿದರೆ ಅರ್ಬುತನೂ ಚಿನ್ನವೇ. ಆದರೆ ಸೂತ್ರ ಕಲಿತವರು ಅದನ್ನು ಕಾದಂಬರಿಗೆ ಮಾತ್ರ ಹಚ್ಚಿದರು. ಹಾಡನ್ನೂ ಪುರಾಣವನ್ನೂ ಚಪ್ಪಟೆಯ ಪಾಲಿಗೆ ಬಿಟ್ಟರು.

ಪಂಜೆಯವರನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಅವರು ಸಿದ್ಧಾಂತ ಬರೆದವರಲ್ಲ. ಇನ್ಸ್‌ಪೆಕ್ಟರರಾಗಿ ಹಳ್ಳಿಶಾಲೆಗಳ ಬೆಂಚಿನ ಬಳಿ ನಿಂತು ಮಕ್ಕಳು ಎಲ್ಲಿ ಕಿವಿ ನಿಮಿರಿಸುತ್ತಾರೆ, ಎಲ್ಲಿ ಆಕಳಿಸುತ್ತಾರೆ ಎಂಬುದನ್ನು ನೋಡಿದವರು. ಅವರು ಆಯ್ದುಕೊಂಡ ಮಕ್ಕಳ ಕಥೆಗಳ ವಿಶೇಷವೆಂದರೆ ನೀತಿಯ ಬಾಲವಿಲ್ಲದಿರುವುದು. ‘ಸಿಗಡಿ ಯಾಕೆ ಒಣಗಲಿಲ್ಲ’ ಎಂಬ ಕಥೆಯ ಹೆಸರೇ ಒಂದು ಪ್ರಶ್ನೆ, ಕಥೆಯೆಲ್ಲ ಆ ಪ್ರಶ್ನೆಯ ಸರಪಳಿ. ‘ಇಲಿಗಳ ಥಕಥೈ’ಯಲ್ಲಿ ಬ್ರೌನಿಂಗ್ ಕವಿಯ ೧೮೪೨ರ ಕಿನ್ನರಿಗಾರನ ಕಥೆಯನ್ನು ಅವರು ಕನ್ನಡದ ಮಣ್ಣಿಗೆ ಇಳಿಸಿದರು; ಕುವೆಂಪು ಅವರ ಬೊಮ್ಮನಹಳ್ಳಿಯ ಕಿಂದರಿಜೋಗಿಯೂ ಅದೇ ಬೀಜದಿಂದ ಮೊಳೆತದ್ದು. ಕೊಟ್ಟ ಮಾತನ್ನು ಕಷ್ಟ ಕಳೆದ ಮೇಲೆ ಮುರಿಯುವ ಊರ ಹಿರಿಯರು ಈ ಕಥೆಯಲ್ಲಿದ್ದಾರೆ. ಪುಣ್ಯಕೋಟಿಯನ್ನು ಓದಿದ ಮಗುವಿಗೆ ಅದರ ಎದುರು ಇದನ್ನಿಟ್ಟರೆ, ಇಲಿಗಳಿದ್ದಾಗಿನ ಗೌಡನಿಗೂ ಇಲಿಗಳು ಹೋದ ಮೇಲಿನ ಗೌಡನಿಗೂ ಇರುವ ಅಂತರ ತಾನಾಗಿ ಕಾಣುತ್ತದೆ. ಒಳ್ಳೆಯದರತ್ತ ಬದಲಾವಣೆ ಮಾತ್ರವಲ್ಲ, ಕೆಟ್ಟದರತ್ತ ಜಾರುವುದೂ ಬದಲಾವಣೆಯೇ ಎಂಬುದು ಅದರಿಂದ ಹೊಳೆಯುತ್ತದೆ.

ಆದರೆ ಈ ದೃಷ್ಟಿಯಿಂದ ಅವರ ಹಿರಿಯ ಕೆಲಸ ‘ಕೋಟಿ ಚೆನ್ನಯ’. ತುಳು ಪಾಡ್ದನದ ಅವಳಿ ವೀರರ ಕಥೆಯನ್ನು ಕನ್ನಡ ಗದ್ಯದಲ್ಲಿ ಎಳೆಯರೂ ಓದುವಂತೆ ಅವರು ಹೇಳಿದರು. ಬಾಲ್ಯದ ಆಟದ ಜಗಳದಲ್ಲಿ ಬುದ್ಯಂತನೊಡನೆ ಹುಟ್ಟಿದ ವೈರ, ಬೆಳೆದ ಮೇಲೆ ಗದ್ದೆಯ ನೀರಿನ ಜಗಳವಾಗಿ, ಕೊಲೆಯಾಗಿ, ಊರು ಬಿಡುವ ಕಾರಣವಾಗಿ ಮುಂದುವರಿಯುತ್ತದೆ. ಅಣ್ಣ ಕೋಟಿ ತಾಳ್ಮೆಯವನು, ತಮ್ಮ ಚೆನ್ನಯ ಮುಂಗೋಪಿ. ಅಷ್ಟನ್ನು ಪಟ್ಟಿಯಲ್ಲಿ ಬರೆಯಬಹುದು. ಆದರೆ ಒಬ್ಬನ ತಾಳ್ಮೆ ಇನ್ನೊಬ್ಬನ ಕೋಪವನ್ನು ಎಷ್ಟು ದಿನ ತಡೆಹಿಡಿಯಿತು, ಯಾವ ಗಳಿಗೆಯಲ್ಲಿ ತಡೆಯದೆ ಹೋಯಿತು ಎಂಬುದನ್ನು ಕಥೆಯ ಕಾಲವನ್ನು ಹಿಂಬಾಲಿಸದೆ ಹೇಳಲಾಗದು. ವಡ್ಡಾರಾಧನೆಯ ಅಗ್ನಿಭೂತಿ ವಾಯುಭೂತಿಯರಿಗೂ ಇವರಿಗೂ ಸಾವಿರ ವರ್ಷಗಳ ಅಂತರವಿದ್ದರೂ ಜೋಡಿ ಪಾತ್ರಗಳಿಂದ ಕಲಿಸುವ ವಿಧಾನ ಒಂದೇ. ಪಂಜೆಯವರ ಕರಾವಳಿಯಲ್ಲಿ ಇದಕ್ಕೆ ಪೋಷಕವಾದ ಇನ್ನೊಂದು ಪರಂಪರೆಯೂ ಇತ್ತು. ತಾಳಮದ್ದಳೆಯಲ್ಲಿ ಅರ್ಥಧಾರಿ ತನ್ನ ಪಾತ್ರದ ಪರವಾಗಿ, ಅದು ವಾಲಿಯಿರಲಿ ರಾವಣನಿರಲಿ, ಒಳಗಿನಿಂದ ವಾದಿಸುತ್ತಾನೆ. ಕಾಸರಗೋಡು ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆಯನ್ನು ಕೇಳಿ ಬೆಳೆದ ತಲೆಮಾರಿಗೆ ಖಳನಾಯಕನಿಗೂ ಕಾರಣವಿದೆಯೆಂದು ಯಾವ ಪುಸ್ತಕವೂ ಹೇಳಿಕೊಡಬೇಕಾಗಿರಲಿಲ್ಲ.

ಹೈದರಾಬಾದಿನ ಕನ್ನಡ ಮಗುವಿಗೆ ಗಮಕ, ತಾಳಮದ್ದಳೆ, ಊರಜಾತ್ರೆಯ ಬಯಲಾಟ ಇವು ಯಾವುವೂ ಕೈಗೆಟುಕುವುದಿಲ್ಲ ಎಂಬಲ್ಲಿ ನಮ್ಮ ಸಮಸ್ಯೆ ನಿಜವಾಗಿ ಆರಂಭವಾಗುತ್ತದೆ. ಅದಕ್ಕೆ ಚಾರಿತ್ರಿಕ ಕಾರಣಗಳಿವೆ. ನಿಜಾಮ್ ಸಂಸ್ಥಾನದಲ್ಲಿ ಆಡಳಿತದ ಭಾಷೆಯೂ ಮೇಲ್ತರಗತಿಗಳ ಮಾಧ್ಯಮವೂ ಉರ್ದುವಾಗಿತ್ತು. ೧೯೧೮ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯ ಆ ನೀತಿಯ ಶಿಖರ. ಕನ್ನಡದ ಶಿಕ್ಷಣವನ್ನು ಬಹುಮಟ್ಟಿಗೆ ಖಾಸಗಿ ಶ್ರಮ ಉಳಿಸಿತು. ಕಲಬುರಗಿಯ ನೂತನ ವಿದ್ಯಾಲಯ (೧೯೦೭), ರಾಯಚೂರಿನಲ್ಲಿ ಪಂಡಿತ ತಾರಾನಾಥರು ಕಟ್ಟಿದ ಹಮ್‌ದರ್ದ್ ಶಾಲೆ ಇವು ಆ ಶ್ರಮದ ಹೆಸರುಗಳು. ೧೯೫೬ರ ನವೆಂಬರ್ ೧ರಂದು ಕಲಬುರಗಿ, ರಾಯಚೂರು, ಬೀದರ ಜಿಲ್ಲೆಗಳ ಕನ್ನಡ ಭಾಗಗಳು ಮೈಸೂರು ರಾಜ್ಯಕ್ಕೆ ಸೇರಿದವು. ರಾಜಧಾನಿಯಲ್ಲಿ ಉದ್ಯೋಗಕ್ಕೆಂದು ನೆಲಸಿದ್ದ ಕನ್ನಡಿಗರು ಅಲ್ಲೇ ಉಳಿದರು. ಕಾಚಿಗೂಡದ ಕರ್ನಾಟಕ ಸಾಹಿತ್ಯ ಮಂದಿರ, ಕನ್ನಡಿಗರೇ ಕಟ್ಟಿದ ನೃಪತುಂಗ ಶಾಲೆ ಈ ಉಳಿದವರ ನೆಲೆಗಳು. ಇಂಥ ಶಾಲೆಯಲ್ಲಿ ಕನ್ನಡ ಕಲಿತ ಮಗುವಿಗೆ ಗೋವಿನ ಹಾಡು ಅಜ್ಜಿಯ ಬಾಯಿಂದ ಬರುವುದಕ್ಕೆ ಮೊದಲು ಪುಸ್ತಕದಿಂದ ಬರುವ ಸಂಭವವೇ ಹೆಚ್ಚು. ಆಗ ಪುಸ್ತಕದ ಕೊನೆಯ ಪ್ರಶ್ನೆಯೇ ಕಥೆಯ ಅರ್ಥವನ್ನು ನಿರ್ಧರಿಸಿಬಿಡುತ್ತದೆ. ಮೈಸೂರಿನ ಮಗುವಿಗೆ ಆ ಪ್ರಶ್ನೆ ಒಂದು ಉಪಾಧಿ. ಇಲ್ಲಿಯ ಮಗುವಿಗೆ ಅದೇ ಸರ್ವಸ್ವ. ತೆಲಂಗಾಣ ರಾಜ್ಯದ ೨೦೧೮ರ ಶಾಸನ ಎಲ್ಲ ಶಾಲೆಗಳಲ್ಲಿ ತೆಲುಗನ್ನು ಕಡ್ಡಾಯಗೊಳಿಸಿದ ಮೇಲೆ, ಇಂಗ್ಲಿಷ್ ಹಿಂದಿಗಳ ನಡುವೆ, ಕನ್ನಡಕ್ಕೆ ಉಳಿಯುವ ಹೊತ್ತು ಇನ್ನೂ ಕಡಿಮೆ. ಆ ಕಡಿಮೆ ಹೊತ್ತಿನಲ್ಲಿ ಗುಣಗಳ ಪಟ್ಟಿ ಬರೆಯಿಸುವುದು ಸುಲಭವಾಗಿ ಕಾಣುವುದರಿಂದ ಅಪಾಯವೂ ಹೆಚ್ಚು.

ತೆಲುಗಿನ ನೆರೆಯನ್ನು ಬರೀ ಸ್ಪರ್ಧೆಯಾಗಿ ನೋಡಬೇಕಾಗಿಲ್ಲ. ತೆಲುಗು ಮನೆಗಳಲ್ಲಿ ಪ್ರತಿ ಮಗುವಿಗೂ ತಿಳಿದಿರುವ ಏಳು ಮೀನಿನ ಕಥೆ ಪಂಜೆಯವರ ಸಿಗಡಿಯ ಕಥೆಯ ಒಡಹುಟ್ಟು. ಅರಸನ ಏಳು ಮಂದಿ ಮಕ್ಕಳು ಏಳು ಮೀನು ತಂದು ಒಣಹಾಕುತ್ತಾರೆ, ಒಂದು ಒಣಗುವುದಿಲ್ಲ. ಮೀನು ಹುಲ್ಲಿನ ಮೆದೆಯನ್ನು ದೂರುತ್ತದೆ, ಮೆದೆ ಹಸುವನ್ನು, ಹಸು ದನಗಾಹಿಯನ್ನು, ಅವನು ಅನ್ನವಿಕ್ಕದ ಅವ್ವನನ್ನು, ಅವ್ವ ಅತ್ತ ಮಗುವನ್ನು, ಮಗು ಕಚ್ಚಿದ ಇರುವೆಯನ್ನು. ಇರುವೆ ಮಾತ್ರ ಯಾರನ್ನೂ ದೂರುವುದಿಲ್ಲ: ನನ್ನ ಚಿನ್ನದ ಗೂಡಿನಲ್ಲಿ ಬೆರಳಿಟ್ಟರೆ ಕಚ್ಚದಿರುತ್ತೇನೆಯೆ ಎನ್ನುತ್ತದೆ. ಸರಪಳಿಯ ಉದ್ದಕ್ಕೂ ಕಾರಣ ಹೊರಗಿನದು. ಕೊನೆಯ ಕೊಂಡಿಯಲ್ಲಿ ಮೊದಲ ಬಾರಿಗೆ ಒಂದು ಪಾತ್ರ ತನ್ನ ಕೃತ್ಯಕ್ಕೆ ತನ್ನೊಳಗಿನ ಕಾರಣವನ್ನು ಕೊಡುತ್ತದೆ. ನಾಲ್ಕೈದು ವರ್ಷದ ಮಕ್ಕಳು ಈ ಹೆಜ್ಜೆಯನ್ನು ಅನಾಯಾಸವಾಗಿ ಹತ್ತುತ್ತಾರೆ. ಇರುವೆಯಿಂದ ಹುಲಿಗೆ, ಅಂದರೆ ಇರುವ ಸ್ವಭಾವದಿಂದ ಬದಲಾಗುವ ಸ್ವಭಾವಕ್ಕೆ, ಇನ್ನೊಂದೇ ಹೆಜ್ಜೆ. ತೆಲುಗಿನಲ್ಲಿ ಕೇಳಿದ ಕಥೆಯನ್ನು ಕನ್ನಡದಲ್ಲಿ ಮರಳಿ ಹೇಳಿಸಿ, ಅಲ್ಲಿಂದ ಗೋವಿನ ಹಾಡಿಗೆ ಬರುವ ಕ್ರಮವನ್ನು ಈ ನಗರದ ಅಧ್ಯಾಪಕರು ಪಾಠಕ್ಕೆ ಅಳವಡಿಸಿಕೊಳ್ಳಬಹುದು. ದ್ವಿಭಾಷಿಕ ಮಗು ಕನ್ನಡನಾಡಿನ ಮಗುವಿಗಿಂತ ಹಿಂದಿದೆಯೆಂಬ ಭಾವನೆಗೆ ಇಲ್ಲಿ ಆಧಾರ ಕಾಣದು. ಒಂದೇ ಇರುವೆಯ ಮಾತನ್ನು ಎರಡು ಭಾಷೆಯ ದನಿಯಲ್ಲಿ ಕೇಳುವ ಅನುಕೂಲ ಅದಕ್ಕಿದೆ.

ಸಂಶೋಧನೆಯ ದೃಷ್ಟಿಯಿಂದ ಇಲ್ಲಿ ಮಾಡಬೇಕಾದ ಕೆಲಸ ಬಹಳವಿದೆ, ಅದಕ್ಕೆ ಕಾಲ ಮಾತ್ರ ಹೆಚ್ಚಿಲ್ಲ. ನಾವು ಪಠ್ಯಪುಸ್ತಕಗಳ ಪಾಠಗಳನ್ನು ಅಧ್ಯಯನ ಮಾಡಿದ್ದೇವೆ, ಅಭ್ಯಾಸಗಳನ್ನು ಮಾಡಿಲ್ಲ. ಮದರಾಸು, ಮುಂಬಯಿ, ಮೈಸೂರು, ಹೈದರಾಬಾದು, ಕೊಡಗು ಎಂಬ ಐದು ಆಡಳಿತಗಳಲ್ಲಿ ಹರಿದುಹೋಗಿದ್ದ ಕನ್ನಡಕ್ಕೆ ಬೇರೆ ಬೇರೆ ವಾಚಕಗಳಿದ್ದವು. ಒಂದೇ ಗೋವಿನ ಹಾಡಿಗೆ ಈ ವಾಚಕಗಳು ಯಾವ ಯಾವ ಪ್ರಶ್ನೆಗಳನ್ನು ಹಚ್ಚಿದವು, ಹುಲಿಯ ಕುರಿತು ಒಂದಾದರೂ ಪ್ರಶ್ನೆ ಯಾವ ವರ್ಷ ಯಾವ ಆಡಳಿತದಲ್ಲಿ ಮೊದಲು ಬಂದಿತು ಎಂಬುದನ್ನು ಸಾಲಾಗಿ ಇಟ್ಟು ನೋಡಬೇಕು. ಅಂಥ ಪುಸ್ತಕಗಳನ್ನು ಗ್ರಂಥಾಲಯಗಳು ಸಾಮಾನ್ಯವಾಗಿ ಇಟ್ಟುಕೊಳ್ಳುವುದಿಲ್ಲ. ಮನೆಗಳ ಅಟ್ಟದಲ್ಲಿ, ಶಾಲೆಗಳ ಉಗ್ರಾಣದಲ್ಲಿ ಅವನ್ನು ಹುಡುಕಬೇಕಾಗುತ್ತದೆ. ೧೯೫೬ಕ್ಕೆ ಹಿಂದಿನ ವಾಚಕಗಳಲ್ಲಿ ಓದಿದವರು ಈಗ ಎಂಬತ್ತರ ಆಚೆಗಿದ್ದಾರೆ. ಕಾಚಿಗೂಡ, ಬರ್ಕತ್‌ಪುರಗಳ ಮನೆಗಳಲ್ಲಿ ಅಂಥವರು ಸಿಕ್ಕಿದರೆ ಅವರಿಂದ ಹಾಡನ್ನು ಹಾಡಿಸಿ ದಾಖಲಿಸುವುದರ ಜೊತೆಗೆ, ಅಂದು ಮಾಸ್ತರರು ಹುಲಿಯ ಬಗ್ಗೆ ಏನು ಕೇಳಿದರು, ತಾವೇನು ಉತ್ತರ ಕೊಟ್ಟರು ಎಂಬುದನ್ನೂ ಕೇಳಿ ಬರೆದುಕೊಳ್ಳಬೇಕು.